ಟವೆಲ್ ಹೊದ್ದ ಗಿಟಾರ್

ಸಾವ್ಕಾರ್ರು ತೀರಿಕೊಂಡರು ಎಂದು ಫೋನ್ ಬಂದಾಗ ನಾನು ಬೇಲೂರಿನ ಕಲ್ಯಾಣ ಮಂಟಪವೊಂದರಲ್ಲಿ ಮೈಕ್‌ಸೆಟ್ ಜೋಡಿಸುತ್ತಿದ್ದೆ. ಆಗ ತಲೆಗೆ ಬಂದ ಮೊದಲ ಯೋಚನೆಯನ್ನು ಹೇಳಿಬಿಡುತ್ತೇನೆ. ಅವರ ಗಿಟಾರ್ ಈಗ ಯಾರ ಕೈಯಲ್ಲಿದೆ? ದುಃಖ ಬರಲಿಲ್ಲ ಎಂದಲ್ಲ, ಬಂತು. ಆದರೆ ಅದು ಹಿಂದಿನ ಬಸ್ಸಿಗೆ ಬಂತು.

ಇದಕ್ಕೆ ನನ್ನ ಕಸುಬನ್ನೂ ಸ್ವಲ್ಪ ದೂರಬೇಕು. ಅರಸೀಕೆರೆಯಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿಯಿದೆ. ಮದುವೆ, ಗೃಹಪ್ರವೇಶ, ಗಣೇಶನ ಪೆಂಡಾಲು, ರಾಜಕೀಯದವರ ಭಾಷಣ, ಎಲ್ಲದಕ್ಕೂ ಸ್ಪೀಕರ್ ಬಾಡಿಗೆಗೆ ಕೊಡುತ್ತೇನೆ. ಕೊಟ್ಟ ಸಾಮಾನು ಕೊಟ್ಟ ಹಾಗೇ ವಾಪಸ್ ಬರುವುದು ಈ ಕಸುಬಿನಲ್ಲಿ ಅಪರೂಪ. ಒಳ್ಳೆ ಮೈಕ್ ಹೋದ ಕಡೆಯಿಂದ ಅದೇ ಬಣ್ಣದ ಸತ್ತ ಮೈಕ್ ಬರುತ್ತದೆ. ಹೊಸ ವೈರ್ ಹೋಗಿ ಗಂಟು ಹಾಕಿದ ವೈರ್ ಬರುತ್ತದೆ. ಕೇಳಿದರೆ, 'ನೀವು ಕೊಟ್ಟಿದ್ದೇ ಇದು ಕಣ್ರೀ' ಅನ್ನುತ್ತಾರೆ. ಹಾಗಾಗಿ ಯಾರಾದರೂ ನಕ್ಕು ಮಾತಾಡಿಸಿದರೆ ನಾನು ಮೊದಲು ಅವರ ಕೈ ನೋಡುತ್ತೇನೆ.

ಸಾವ್ಕಾರ್ರ ಕೈಯನ್ನು ಮಾತ್ರ ನೋಡುವ ಹಾಗಿರಲಿಲ್ಲ. ಅದು ಟವೆಲ್ಲಿನ ಕೆಳಗಿರುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಊರವರ ಬಾಯಲ್ಲಿ ಓಡಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಮದುವೆ ಪತ್ರಿಕೆಯಲ್ಲಿ ಹಿತೈಷಿಗಳ ಸಾಲಿನಲ್ಲಿ ಹಾಕಿದ್ದಕ್ಕೇ ಒಬ್ಬರ ಮನೆಗೆ ಹೋಗಿ, 'ಯಾಕೆ ಹಾಕ್ಸಿದ್ರಿ, ಏನು ಸಮಾಚಾರ' ಎಂದು ವಿಚಾರಿಸಿ ಬಂದಿದ್ದರು. ಅಪ್ಪನ ಕಾಲದಿಂದ ಕೊಬ್ಬರಿ ಮಂಡಿ ಇಟ್ಟಿದ್ದ ಮನೆತನ. ಮಂಡಿ ಮುಚ್ಚಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಅವರು ಸಾವ್ಕಾರ್ರೇ. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್. ಹೀಗೆ ಇರುವವರು ಕುತ್ತಿಗೆಗೆ ನೀಲಿ ಬಣ್ಣದ ಎಲೆಕ್ಟ್ರಿಕ್ ಗಿಟಾರ್ ನೇತುಹಾಕಿಕೊಂಡು ನಿಂತರೆ, ಮೊದಲ ಸಲ ನೋಡಿದವರು ಇದೇನೋ ಹರಕೆ ಇರಬೇಕು ಎಂದುಕೊಳ್ಳುತ್ತಿದ್ದರು.

ಹಿಂದೆ ಮಂಡಿಯ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವನೂ ಮಾರುವವನೂ ಟವೆಲ್ ಮುಚ್ಚಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ರೇಟು ಹೇಳುತ್ತಿದ್ದರು. ಸುತ್ತ ನಿಂತವರಿಗೆ ಮುಖ ಕಾಣುತ್ತಿತ್ತು, ರೇಟು ಕಾಣುತ್ತಿರಲಿಲ್ಲ. ಕೊನೆಗೆ ಇಡೀ ಮುಷ್ಟಿ ಹಿಡಿದು ಅದುಮಿದರೆ ಮಾತು ಮುಗಿಯಿತು ಎಂದರ್ಥ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ ಮೇಲೆ ಆ ವಿಷಯವನ್ನು ಬಾಯಲ್ಲಿ ಎತ್ತುವ ಹಾಗಿಲ್ಲ.

ಇವರ ಮಂಡಿಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಪರಸ್ಥಳಕ್ಕೆ ಕಳಿಸುವ ಚೀಲದ ಹೊಲಿಗೆಯ ಮೇಲೆ ಕೆಂಪು ಅರಗು ಕರಗಿಸಿ ಬಿಡುತ್ತಿದ್ದರು. ಮಾಲು ಸೇರಬೇಕಾದವರನ್ನು ಸೇರುವ ಮೊದಲೇ ಅರಗು ಒಡೆದು ನೋಡಿದ ವ್ಯಾಪಾರಿಗೆ ಇವರಿಂದ ಮತ್ತೆ ಒಂದು ಕೊಬ್ಬರಿ ಗಿಟುಕೂ ಹೋಗುತ್ತಿರಲಿಲ್ಲ. ಮಂಡಿ ಮುಚ್ಚಿದರು, ಆದರೆ ಟವೆಲ್ಲನ್ನೂ ಅರಗನ್ನೂ ಬಿಡಲಿಲ್ಲ. ಎರಡನ್ನೂ ಗಿಟಾರಿಗೆ ತಂದುಕೊಂಡರು.

ಗಿಟಾರ್ ಬಂದದ್ದು ಹರೆಯದಲ್ಲಿ. ಕೊಬ್ಬರಿ ಲಾರಿಯ ಜೊತೆ ಬೊಂಬಾಯಿಗೆ ಹೋದಾಗ ಸಮುದ್ರದ ದಂಡೆಯ ಹೋಟೆಲೊಂದರಲ್ಲಿ ಬರೀ ಗಿಟಾರಿನ ಬಾಜಾ ಕೇಳಿದರಂತೆ. ಹಾಡುವವರೇ ಇಲ್ಲ. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಅಮೆರಿಕದ ಹುಡುಗರು ಕಟ್ಟಿಕೊಂಡ ಸಂಗೀತವಂತೆ, ಸರ್ಫ್ ಅನ್ನುತ್ತಾರೆ. ದಪ್ಪ ತಂತಿಯ ಮೇಲೆ ಪುರುಪುರು ಎಂದು ಮೀಟುತ್ತ ಇಳಿಯುವುದು, ಸ್ಪ್ರಿಂಗ್ ಕೂರಿಸಿದ ಡಬ್ಬದೊಳಗಿಂದ ಆ ದನಿಯನ್ನು ಹಾಯಿಸುವುದು. ಬಾವಿಯೊಳಗೆ ಹನಿ ಬಿದ್ದ ಹಾಗೆ ಕೇಳುತ್ತದೆ. ಸಾವ್ಕಾರ್ರು ಅದಕ್ಕೆ 'ನೀರಿನ ಮ್ಯೂಸಿಕ್ಕು' ಅನ್ನುತ್ತಿದ್ದರು. ಲಾರಿ ವಾಪಸ್ ಬರುವಾಗ ಡ್ರೈವರ್ ಪಕ್ಕದಲ್ಲಿ ಹಳೇ ಗಿಟಾರೊಂದು ಗೋಣಿ ಸುತ್ತಿಕೊಂಡು ಕೂತಿತ್ತಂತೆ.

ಎಲೆಕ್ಟ್ರಿಕ್ ಗಿಟಾರಿನ ದನಿ ಮರದಿಂದ ಬರುವುದಲ್ಲ. ತಂತಿಗಳ ಕೆಳಗೆ ಬೆರಳುದ್ದದ ಪಟ್ಟಿಗಳು ಕೂತಿರುತ್ತವೆ. ಅಯಸ್ಕಾಂತದ ಮೊಳೆಗಳಿಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿ ಸುತ್ತಿ ಮಾಡಿದ ಪಟ್ಟಿ, ಅದೇ ಪಿಕಪ್. ಮೇಲೆ ತಂತಿ ಅಲುಗಿದ್ದನ್ನು ಅದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಕೈ ಆಡುವ ತುದಿಯಲ್ಲಿ ಒಂದು, ಕುತ್ತಿಗೆಯ ಕಡೆಗೆ ಒಂದು. ತುದಿಯದು ಚುರುಕು, ಕುತ್ತಿಗೆಯದು ಗುಂಡು ದನಿ. ನೀರಿನ ಮ್ಯೂಸಿಕ್ಕಿನ ಜೀವವೆಲ್ಲ ತುದಿಯ ಪಿಕಪ್ಪಿನಲ್ಲಿದೆ.

ಇದರಲ್ಲಿ ಸಾವ್ಕಾರ್ರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಅವರು ಹೇಳಿಕೊಟ್ಟಿದ್ದನ್ನೂ ನೋಡಿಲ್ಲ. ಆನ್‌ಲೈನಿನಲ್ಲಿ ಒಂದು ಪಿಕಪ್ ತರಿಸಿ ತೋರಿಸಿದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು, ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಆಮೇಲೆ ಸ್ಪೀಕರಿಗೆ ಜೋಡಿಸಿ ಸ್ಕ್ರೂಡ್ರೈವರಿನ ತುದಿಯಿಂದ ಟಕ್ ಎಂದು ಮುಟ್ಟುತ್ತಿದ್ದರು.

"ಜೋರೈತೆ. ಬೇಡ."

"ಜೋರಿದ್ರೆ ಒಳ್ಳೇದಲ್ವಾ ಸಾವ್ಕಾರ್ರೇ?"

"ಕೂಗೋ ಪಿಕಪ್ ನೀರಿನ ಮ್ಯೂಸಿಕ್ಕಿಗೆ ಆಗಾಕಿಲ್ಲ. ಸುತ್ತು ಕಮ್ಮಿ ಇರ್ಬೇಕು. ದನಿ ತೆಳ್ಳಗೆ ಹೋಗ್ಬೇಕು. ದಪ್ಪ ದನಿ ಸ್ಪ್ರಿಂಗಿನೊಳಗೆ ಹೋದ್ರೆ ಕೆಸರಾಗ್ತದೆ."

ಎಷ್ಟು ಕಮ್ಮಿ ಎಂದು ಕೇಳಿದರೆ ಟವೆಲ್ ಹೆಗಲಿಂದ ಇಳಿಯುತ್ತಿತ್ತು. ಬಂದ ಪಿಕಪ್ ಜೋರಿದ್ದರೆ ಸುತ್ತು ಬಿಚ್ಚುತ್ತಿದ್ದರು. ಅದು ಟವೆಲ್ಲಿನ ಕೆಳಗೆ, ನೋಡದೆ, ಬೆರಳಿನಲ್ಲೇ. ತಂತಿಗೂ ಪಿಕಪ್ಪಿಗೂ ನಡುವೆ ಎಷ್ಟು ಅಂತರ ಬೇಕು ಎನ್ನುವುದಕ್ಕೆ ಮಡಿಸಿದ ಒಂದು ಬಸ್ ಟಿಕೆಟ್ ಇಟ್ಟುಕೊಂಡಿದ್ದರು. ಅದನ್ನು ಸಂದಿಯಲ್ಲಿ ತೂರಿಸಿ ನೋಡಿ ಮತ್ತೆ ಜೇಬಿಗೆ. ಹತ್ತಿರ ಕೂರಿಸಿದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ ಎಂದಷ್ಟೇ ಹೇಳಿದ್ದರು. ಟಿಕೆಟ್ಟನ್ನು ಎಷ್ಟು ಮಡಿಕೆ ಮಡಿಸಿದ್ದರು ಎಂದು ಕೊನೆಗೂ ಹೇಳಲಿಲ್ಲ.

ನಂಬುವುದು ಎನ್ನುವುದೇ ಅವರ ಜಾತಕದಲ್ಲಿ ಇರಲಿಲ್ಲ. ಜಾವಗಲ್ ಸಂತೆಯಲ್ಲಿ ಕಾಯಿ ಕೊಳ್ಳುವಾಗ ಒಂದನ್ನು ಆರಿಸಿ, ಬೇಡವೆಂದು ರಾಶಿಯ ಹಿಂದೆ ಇಟ್ಟು, ಸುತ್ತು ಹಾಕಿ ಬಂದು, ಅದೇ ಕಾಯಿಯನ್ನು ವ್ಯಾಪಾರಿ ಬೇರೆ ರೇಟಿಗೆ ಹೇಳುತ್ತಾನೋ ಎಂದು ಪರೀಕ್ಷೆ ಮಾಡುತ್ತಿದ್ದರು. ನನ್ನ ಮೈಕ್‌ಸೆಟ್ಟಿಗೆ ಗಿಟಾರ್ ಸಿಕ್ಕಿಸುವ ಮೊದಲು ಪ್ಲಗ್ ಮೂಸಿ ನೋಡುತ್ತಿದ್ದರು. ಮದುವೆ ಮನೆಗಳಲ್ಲಿ ಅವರದು ಇನ್ನೊಂದು ರಗಳೆ. ಇಂಥ ಪಿಕಪ್ಪುಗಳು ಟ್ಯೂಬ್‌ಲೈಟಿನ ಹತ್ತಿರ ಗುಂಯ್ ಎನ್ನುತ್ತವೆ, ಗಿಟಾರನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಅದು ಅಡಗುತ್ತದೆ. ಸಾವ್ಕಾರ್ರು ಸ್ಟೂಲಿನ ಮೇಲೆ ಕೂತಲ್ಲೇ ಇಷ್ಟಿಷ್ಟೇ ತಿರುಗುತ್ತ ಆ ದಿಕ್ಕು ಹುಡುಕುತ್ತಿದ್ದರು. ಕಣಕಟ್ಟೆಯ ಒಂದು ಆರತಕ್ಷತೆಯಲ್ಲಿ ಆ ದಿಕ್ಕು ಸಿಕ್ಕಾಗ ಅವರ ಬೆನ್ನು ಗಂಡು ಹೆಣ್ಣಿನ ಕಡೆಗಿತ್ತು.

"ಏನ್ ಸ್ವಾಮಿ, ನಮ್ ಹುಡುಗಿಗೆ ಬೆನ್ ತೋರಿಸ್ಕೊಂಡ್ ಕೂತಿದ್ದೀರಲ್ಲ" ಎಂದು ಹೆಣ್ಣಿನ ತಂದೆ ಬಂದರು.

"ಹುಡುಗಿಗಲ್ಲ ಕಣ್ರೀ, ಟ್ಯೂಬ್‌ಲೈಟಿಗೆ" ಎಂದರು ಸಾವ್ಕಾರ್ರು, ತಿರುಗದೆ.

ಆ ತಂದೆ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅರ್ಧವೇ ನಂಬಿದ್ದೆ. ಅವರು ಬೆರಳು ಕಾಣದ ಹಾಗೆ ಕೂರಲು ಒಂದು ನೆಪ ಹುಡುಕಿಕೊಂಡಿದ್ದಾರೆ ಎಂದೇ ನನ್ನ ಅನುಮಾನ.

ನನ್ನ ಅಣ್ಣ ಮಾತ್ರ ಅವರ ಮೇಲೆ ಅನುಮಾನ ಪಡಲಿಲ್ಲ. ಅವನು ಅರಸೀಕೆರೆಯಲ್ಲೇ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಸಾವ್ಕಾರ್ರ ಬಾಜಾ ಕೇಳಿ ಹುಚ್ಚು ಹತ್ತಿಸಿಕೊಂಡು ಎಲ್ಲಿಂದಲೋ ಹಳೇ ಕಪ್ಪು ಗಿಟಾರ್ ತಂದ. ಅದರ ತುದಿಯ ಪಿಕಪ್ಪನ್ನು ತಾನೇ ಮಾಡಿಕೊಂಡ. ಗುಜರಿಯಲ್ಲಿ ಸಿಕ್ಕ ಹಳೇ ಕರೆಗಂಟೆಗಳ ಸುರುಳಿಯಿಂದ ತಂತಿ ಬಿಚ್ಚಿ, ಬಾಗಿಲಲ್ಲಿ ಕೂತು, ಕೈಯಲ್ಲೇ ಸುತ್ತಿದ. ಅದರ ಮೇಲೆ ಮೋಟರಿಗೆ ಸುತ್ತುವ ಹಳದಿ ಕಾಟನ್ ಟೇಪ್, ಟೇಪಿನ ಮೇಲೆ ಮೋಟರಿಗೆ ಬಳಿಯುವ ವಾರ್ನಿಷ್. ಮನೆಯೆಲ್ಲ ಆ ವಾಸನೆ. ಅಮ್ಮ ಬೈದು ಬೈದು ಸುಸ್ತಾದಳು. ಅದನ್ನು ಹಾಕಿ ಅವನು ಮೊದಲ ಸಲ ಮೀಟಿದಾಗ ಸಾವ್ಕಾರ್ರು ಎದುರಿಗೇ ಕೂತಿದ್ದರು. ತಲೆ ತಗ್ಗಿಸಿ ಕೇಳಿಸಿಕೊಂಡು, ಇನ್ನೊಮ್ಮೆ ಎಂದರು.

ಅಣ್ಣ ಕಾಮಾಲೆಯಲ್ಲಿ ಹೋದ. ಹಳ್ಳಿ ಔಷಧಿ ಮಾಡಿ, ಹಾಸನದ ಆಸ್ಪತ್ರೆಗೆ ತಡವಾಗಿ ಹೋಗಿ, ಹೋದ. ಅವನ ಗಿಟಾರ್ ನಾನು ತೆಗೆದುಕೊಂಡೆ. ನನಗೆ ಅವನಷ್ಟು ಬರುವುದಿಲ್ಲ, ಗೊತ್ತಿದೆ. ಆದರೆ ಆ ತಂತಿ ಮುಟ್ಟಿದರೆ ಅವನ ದನಿ ಬರುತ್ತಿತ್ತು. ಅಮ್ಮ ಒಲೆ ಮುಂದೆ ಕೂತು ಕೇಳುತ್ತಿದ್ದಳು, ಬೈಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವನದೆಂದು ಉಳಿದಿದ್ದೇ ಆ ದನಿ.

ಸಾವ್ಕಾರ್ರು ನನ್ನನ್ನು ಅಣ್ಣನ ಜಾಗಕ್ಕೆ ಕರೆದರು. ಗೆಂಡೆಹಳ್ಳಿಯ ಶಾಲೆಯ ಮೇಷ್ಟ್ರೊಬ್ಬರು ಡ್ರಮ್ಸು, ಸಾವ್ಕಾರ್ರು, ನಾನು, ಇಷ್ಟೇ ಜನ. ಬೇಲೂರು ಹಳೇಬೀಡಿನ ಸುತ್ತ ಈಗ ಹೋಂಸ್ಟೇಗಳಾಗಿವೆಯಲ್ಲ, ದೇವಸ್ಥಾನ ನೋಡಿ ಬಂದ ಪ್ರವಾಸಿಗಳಿಗೆ ಸಂಜೆ ಹೊತ್ತು ಅಲ್ಲಿ ನುಡಿಸುತ್ತಿದ್ದೆವು. ಸಮುದ್ರವಿಲ್ಲದ ಕಡೆ ಇದೆಂಥ ಸಂಗೀತ ಎಂದು ಕೆಲವರು ನಗುತ್ತಿದ್ದರು. ನಕ್ಕವರೇ ಆಮೇಲೆ ಫೋನ್ ಎತ್ತಿ ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಹಳೇಬೀಡಿನ ಹತ್ತಿರ ಹೀಗೇ ಒಂದು ಸಂಜೆ, ನುಡಿಸುತ್ತಿದ್ದ ಹಾಗೇ, ಅಣ್ಣನ ಪಿಕಪ್ ಕರಕರ ಎಂದಿತು. ಮತ್ತೆ ಬಂತು, ಮತ್ತೆ ಹೋಯಿತು, ಆಮೇಲೆ ನಿಂತೇಹೋಯಿತು. ಮಾರನೇ ದಿನ ಬೆಳಿಗ್ಗೆ ಗಿಟಾರ್ ಹೊತ್ತು ಸಾವ್ಕಾರ್ರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದರು.

"ಒಳಗೆ ತಂತಿ ಎಲ್ಲಾದ್ರೂ ಕಿತ್ತಿರ್ಬೌದು" ಎಂದರು. "ಮೇಲ್ಮೇಲೆ ಕಿತ್ತಿದ್ರೆ ಬೆಸುಗೆ ಹಾಕ್ಬೌದು. ಒಳಗಾದ್ರೆ ಪೂರ್ತಿ ಬಿಚ್ಚಿ ಹೊಸಾದಾಗಿ ಸುತ್ತಬೇಕು."

"ಬಿಚ್ಚೋ ಹಾಗಿಲ್ಲ ಸಾವ್ಕಾರ್ರೇ."

"ಬಿಚ್ಚದೆ ಹೆಂಗ್ ಮಾಡೋದಪ್ಪ?"

"ಅದೆಲ್ಲ ನನಗೆ ಗೊತ್ತಿಲ್ಲ. ಅಣ್ಣ ಸುತ್ತಿದ್ದನ್ನ ಒಂದು ಸುತ್ತೂ ಬಿಚ್ಚಬಾರದು. ದನಿಯೂ ಹಾಗೇ ಬರಬೇಕು. ಅಮ್ಮ ಕೇಳ್ತಾಳೆ."

ಅವರು ನನ್ನ ಮುಖವನ್ನೇ ನೋಡಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯೂ ನೋಡಿದರು. ಆಮೇಲೆ ಸಾವ್ಕಾರ್ರು, "ಆಯ್ತು ಬಿಡು. ಇಟ್ಟೋಗು" ಎಂದರು. ನಾನು ಇಲ್ಲೇ ಕೂತಿರುತ್ತೇನೆ ಎಂದೆ. "ಇಟ್ಟೋಗು ಅಂದೆ" ಎಂದರು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸಾಮಾನು ಕಾಯುವ ನಾನು ಅವತ್ತು ಇಟ್ಟು ಬಂದೆ.

ಕೆಲವು ದಿನ ಬಿಟ್ಟು ಕರೆದು ಕೊಟ್ಟರು. ಸಿಕ್ಕಿಸಿ ಮೀಟಿದೆ. ದನಿ ಬಂತು. ಚುರುಕಾಗಿ, ತೆಳ್ಳಗೆ, ಒದ್ದೆಯಾಗಿ ಬಂತು. ಮೇಷ್ಟ್ರು ಕೇಳಿ, 'ನಿಮ್ಮಣ್ಣನೇ ಕೂತ ಹಾಗಿದೆ' ಎಂದರು. ಅಮ್ಮ ಒಲೆ ಮುಂದೆ ಸೆರಗು ಬಾಯಿಗಿಟ್ಟುಕೊಂಡಳು. ಖುಷಿಯಿಂದ ಗಿಟಾರ್ ತಿರುಗಿಸಿ ನೋಡಿದೆ. ಪಿಕಪ್ಪುಗಳನ್ನು ಕೂರಿಸಿದ ಮುಚ್ಚಳದ ಸ್ಕ್ರೂಗಳ ಮೇಲೆಲ್ಲ ಕೆಂಪು ಅರಗು.

"ಇದ್ಯಾಕೆ ಸಾವ್ಕಾರ್ರೇ?" ಎಂದು ಹೋಗಿ ಕೇಳಿದೆ.

"ಒಳಗೆ ಸೂಕ್ಷ್ಮ ಐತೆ. ಗಾಳಿ ಆಡಬಾರ್ದು."

"ಒಂದ್ಸಲ ತೆಗೆದು ನೋಡ್ತೀನಿ."

"ನೋಡು. ನಿನ್ ಗಿಟಾರು. ಆಮೇಲೆ ನಮ್ ಮನೆ ಕಡೆ ಬರ್ಬೇಡ."

ನಗುತ್ತ ಹೇಳಲಿಲ್ಲ. ತಲೆಗೆ ಹುಳ ಬಿಟ್ಟುಬಿಟ್ಟರು. ಮೈಕ್‌ಸೆಟ್ಟಿನವನ ತಲೆಯಲ್ಲಿ ಅಂಥ ಹುಳ ಚೆನ್ನಾಗಿ ಬೆಳೆಯುತ್ತದೆ. ಒಳ್ಳೆಯದು ಹೋಗಿ ಅದೇ ಬಣ್ಣದ ಇನ್ನೊಂದು ಬರುವುದನ್ನು ನಾನು ದಿನಾ ನೋಡುವವನು. ಪಿಕಪ್ಪಿನ ಮೇಲಿನ ಬಿಳಿ ಟೊಪ್ಪಿಗೆ ಅಣ್ಣನದೇ, ಸಿಗರೇಟಿನ ಹೊಗೆಗೆ ಹಳದಿಯಾದದ್ದು. ಆದರೆ ಟೊಪ್ಪಿಗೆ ಕಿತ್ತು ಇನ್ನೊಂದಕ್ಕೆ ಹಾಕಲು ಎಷ್ಟು ಹೊತ್ತು? ಅಣ್ಣನ ಪಿಕಪ್ ಬಳಿಯಲ್ಲಿ ಮೂಗಿಟ್ಟರೆ ವಾರ್ನಿಷ್ ವಾಸನೆ ಬರುತ್ತಿತ್ತು, ಈಗ ಬರೀ ಅರಗಿನ ವಾಸನೆ. ಮಲ್ಟಿಮೀಟರ್ ಹಿಡಿದು, ಸ್ಪೀಕರಿನ ವೈರ್ ಸಿಕ್ಕಿಸುವ ಹೊರಗಿನ ತೂತಿನಿಂದಲೇ ಅಳೆದೆ. ಒಂದು ಸಂಖ್ಯೆ ಬಂತು. ಅಣ್ಣ ಇದ್ದಾಗ ಯಾರೂ ಅಳೆದಿರಲಿಲ್ಲ, ಆ ಸಂಖ್ಯೆಯನ್ನು ಇಟ್ಟುಕೊಂಡು ನಾನೇನು ಮಾಡಲಿ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬೇರೆಯೇ ಇತ್ತು. ಅಲ್ಲಿಯವರೆಗೆ ಸಾವ್ಕಾರ್ರ ಟವೆಲ್ ಕೈಯನ್ನು ಮಾತ್ರ ಮುಚ್ಚುತ್ತಿತ್ತು. ನನ್ನ ಗಿಟಾರ್ ಅವರ ಮನೆಗೆ ಹೋಗಿ ಬಂದ ಮೇಲೆ ಅದು ಅವರ ಗಿಟಾರನ್ನೇ ಮುಚ್ಚತೊಡಗಿತು. ತುದಿಯ ಪಿಕಪ್ ಇರುವ ಜಾಗದ ಮೇಲೆ ಹೊದಿಸಿ, ಕೆಳಗೆ ಕೈ ತೂರಿಸಿ ನುಡಿಸುತ್ತಿದ್ದರು. ಅವರ ಮುಚ್ಚಳದ ಸ್ಕ್ರೂಗಳಿಗೂ ಅರಗು ಬಂತು. ಒಂದು ಪಿಕಪ್ಪಿಂದ ಇನ್ನೊಂದಕ್ಕೆ ಹೋಗುವ ಸ್ವಿಚ್ಚು ಅಲುಗದ ಹಾಗೆ ಕಪ್ಪು ಟೇಪ್ ಸುತ್ತಿಕೊಂಡಿದ್ದರು.

"ಮೇಷ್ಟ್ರೇ, ನೋಡಿ ಇದನ್ನ" ಎಂದೆ. "ಅಣ್ಣನ ಪಿಕಪ್ ಅವರ ಗಿಟಾರಲ್ಲಿದೆ."

"ಇದ್ರೆ ಅವರ ದನಿ ಚೆನ್ನಾಗಾಗ್ಬೇಕಿತ್ತು ಕಣ್ರೀ. ಅವರದ್ದು ದಪ್ಪ ಆಗಿದೆ."

"ಅದೇ ಅನುಮಾನ ನನಗೂ. ಬೇಕಂತಲೇ ದಪ್ಪ ಮಾಡ್ಕೊಂಡವ್ರೆ. ಗೊತ್ತಾಗಬಾರದು ಅಂತ."

ಮೇಷ್ಟ್ರು ನನ್ನನ್ನು ಒಂದು ಥರ ನೋಡಿ ಡ್ರಮ್ಮಿನ ಬೆಲ್ಟ್ ಬಿಗಿ ಮಾಡಿಕೊಂಡರು.

ಅವರ ದನಿ ದಪ್ಪಗಾದದ್ದು ನಿಜ. ಅವರು ಮುಂದಿನ ಸಾಲು ನುಡಿಸುವುದನ್ನೇ ಬಿಟ್ಟರು. "ಕೈ ಓಡಾಕಿಲ್ಲ, ನೀನು ಬಾರಿಸು" ಎಂದು ಹಿಂದೆ ಸರಿದು ಬರೀ ಜತೆ ಕೊಡುತ್ತಿದ್ದರು. ಊರಿನವರು ಸಾವ್ಕಾರ್ರಿಗೆ ವಯಸ್ಸಾಯಿತು ಎಂದರು. ನಾನು ಮಾತ್ರ, ನನ್ನನ್ನು ಮುಂದೆ ತಳ್ಳಿ ಎಲ್ಲಿ ಎಡವುತ್ತೇನೆ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಅನುಮಾನಕ್ಕೆ ಒಂದು ಗುಣವಿದೆ. ಏನು ಕೊಟ್ಟರೂ ತಿಂದು ದಪ್ಪವಾಗುತ್ತದೆ.

ಒಡೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೇನೆ. ಒಡೆದರೆ ಅವರ ಮನೆ ಬಾಗಿಲು ಮುಚ್ಚುತ್ತದೆ ಎನ್ನುವುದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಒಳಗೆ ಅಣ್ಣನದು ಇಲ್ಲದಿದ್ದರೆ ಅಮ್ಮನಿಗೆ ಏನು ಹೇಳಲಿ? ಅರಗು ಇರುವವರೆಗೆ ಅದು ಅಣ್ಣನದೇ. ಸ್ಕ್ರೂಡ್ರೈವರ್ ವಾಪಸ್ ಡಬ್ಬಕ್ಕೆ ಹೋಗುತ್ತಿತ್ತು.

ಒಮ್ಮೆ ಮಾತ್ರ ನೇರವಾಗಿ ಕೇಳಿದ್ದುಂಟು. ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಿದ್ದೆವು. ಸಾವ್ಕಾರ್ರು ತಮ್ಮ ಲೋಟವನ್ನು ಎಡಗೈಯಲ್ಲಿ ಹಿಡಿದು, ಪಕ್ಕದವನ ಲೋಟದಲ್ಲಿ ಹೆಚ್ಚು ಟೀ ಇದೆಯೇ ಎಂದು ಓರೆಗಣ್ಣಲ್ಲಿ ಅಳೆಯುತ್ತಿದ್ದರು.

"ಸಾವ್ಕಾರ್ರೇ, ದೇವರಾಣೆ ಹೇಳಿ. ನನ್ನ ಗಿಟಾರಲ್ಲಿ ಅಣ್ಣಂದೇ ಇದೆಯಾ?"

ಅವರು ಲೋಟ ಕೆಳಗಿಟ್ಟರು. ಟವೆಲ್ ತೆಗೆದು ನಮ್ಮಿಬ್ಬರ ಕೈಯ ಮೇಲೆ ಹಾಕಿದರು. ಕೆಳಗೆ ನನ್ನ ಕೈ ಹಿಡಿದರು. ಬೆರಳು ಒತ್ತುತ್ತಾರೆ, ಏನೋ ಹೇಳುತ್ತಾರೆ ಎಂದು ಕಾದೆ. ಒತ್ತಲಿಲ್ಲ. ಇಡೀ ಮುಷ್ಟಿ ಹಿಡಿದು ಅದುಮಿದರು. ಅವರ ಅಂಗೈ ಬಿಸಿ ಇತ್ತು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಜಾವಗಲ್ ಬಸ್ ಬಂತು ನೋಡು" ಎಂದರು. ಮಾತು ಮುಗಿಯಿತು ಎಂದರ್ಥ. ನನಗೆ ಮೈಯೆಲ್ಲ ಉರಿಯಿತು. ಕದ್ದವನೂ ಹೀಗೇ ಮುಗಿಸುತ್ತಾನೆ ಎಂದುಕೊಂಡೇ ಬಸ್ ಹತ್ತಿದೆ.

ಅಮ್ಮ ಹೋದಳು. ಕೊನೆಯವರೆಗೂ ಆ ದನಿ ಕೇಳಿಯೇ ಹೋದಳು. ಸಾವ್ಕಾರ್ರು ಮಣ್ಣಿಗೆ ಬಂದಿದ್ದರು. ವಾಪಸ್ ಹೋಗುವಾಗ ಗೋಡೆಗೆ ಒರಗಿಸಿಟ್ಟ ನನ್ನ ಗಿಟಾರಿನ ಅರಗನ್ನು ಹೆಬ್ಬೆರಳಲ್ಲಿ ಸವರಿ ನೋಡಿ ಹೋದರು. ದುಃಖದ ಮನೆಯಲ್ಲೂ ಮುದ್ರೆ ಪರೀಕ್ಷೆ ಮಾಡುತ್ತಾರಲ್ಲ ಎಂದು ಸಿಟ್ಟು ಬಂತು.

ಈಗ ಅವರೂ ಹೋದರು. ಶಿವಗಣಾರಾಧನೆಯ ದಿನ ಊಟವಾಗಿ, ನೆಂಟರು ಒಬ್ಬೊಬ್ಬರಾಗಿ ಹೊರಟ ಮೇಲೆ, ಅವರ ಹೆಂಡತಿ ನನ್ನನ್ನು ಪಡಸಾಲೆಗೆ ಕರೆದರು. ನೀಲಿ ಗಿಟಾರ್ ಚಾಪೆಯ ಮೇಲೆ ಮಲಗಿತ್ತು, ಟವೆಲ್ ಹೊದ್ದುಕೊಂಡೇ.

"ತಗೋಳಪ್ಪ" ಎಂದರು.

"ನನಗ್ಯಾಕಮ್ಮ?"

"ನೀನು ಈ ಮನೆಗೆ ಬಂದಾಗ್ಲೆಲ್ಲ ಇದನ್ನೇ ನೋಡ್ತಿದ್ದೆ. ನಾನು ನೋಡ್ತಿರ್ಲಿಲ್ವಾ? ಏನ್ ನೋಡ್ಬೇಕೋ ನೋಡ್ಬಿಡು. ಬೈಯೋರು ಈಗ ಇಲ್ಲ."

ನಾಚಿಕೆಯಾಯಿತು. ಆದರೆ ಬೇಡ ಎನ್ನಲಿಲ್ಲ. ಸ್ಕ್ರೂಡ್ರೈವರೂ ಮಲ್ಟಿಮೀಟರೂ ನನ್ನ ಚೀಲದಲ್ಲಿದ್ದವು. ಆರಾಧನೆಗೆ ಹೋಗುವವನು ಅವನ್ನು ಯಾಕೆ ಒಯ್ದೆ ಎಂದು ನೀವೇ ತಿಳಿದುಕೊಳ್ಳಿ. ಅವರ ಎದುರೇ ಕೂತು ಅರಗು ಒಡೆದೆ. ಮುಚ್ಚಳ ಎತ್ತಿದ ತಕ್ಷಣ ವಾರ್ನಿಷ್ ವಾಸನೆ ಬಂತು. ಮೋಟರಿನ ವಾರ್ನಿಷ್. ನಮ್ಮ ಮನೆಯ ಬಾಗಿಲು, ಅಮ್ಮನ ಬೈಗುಳ, ಎಲ್ಲ ಒಟ್ಟಿಗೆ ಬಂತು. ತಿರುಗಿಸಿದೆ. ಹಳದಿ ಕಾಟನ್ ಟೇಪ್. ಅಣ್ಣನ ಪಿಕಪ್.

ಸಿಕ್ಕಿಬಿದ್ದರು ಎಂದು ಮನಸ್ಸು ಕುಣಿಯಿತು. ಇಷ್ಟು ವರ್ಷದ ನನ್ನ ಅನುಮಾನ ಸುಳ್ಳಲ್ಲ. ಕದ್ದಿದ್ದಾರೆ. ನನ್ನ ಕೈಗೆ ಬೇರೇನೋ ಕೊಟ್ಟು, ಅಣ್ಣನದನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು ಮೆರೆದಿದ್ದಾರೆ. ಬೈಯೋಣವೆಂದರೆ ಮನುಷ್ಯನೇ ಇಲ್ಲ.

ಆಮೇಲೆ ವೈರುಗಳು ಕಂಡವು. ಪಿಕಪ್ಪಿನಿಂದ ಹೊರಟ ಎರಡು ವೈರುಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಸ್ವಿಚ್ಚಿಗೂ ಇಲ್ಲ, ತೂತಿಗೂ ಇಲ್ಲ. ನೀಟಾಗಿ ಸುರುಳಿ ಸುತ್ತಿ, ಕೊರಳಲ್ಲಿ ಧರಿಸುವ ಲಿಂಗದ ಕಾಯಿಗೆ ಕಟ್ಟುತ್ತಾರಲ್ಲ ಅಂಥ ಬಿಳಿ ಶಿವದಾರದ ಎಳೆಯಿಂದ ಗಂಟು ಹಾಕಿಟ್ಟಿದ್ದರು. ಗಂಟು ಬಿಚ್ಚಿ ಮೀಟರ್ ಹಿಡಿದೆ. ಏನೂ ಬರಲಿಲ್ಲ. ತಿರುಗಿಸಿ ಹಿಡಿದೆ, ಒತ್ತಿ ಹಿಡಿದೆ, ಏನೂ ಇಲ್ಲ. ಒಳಗೆಲ್ಲೋ ತಂತಿ ಕಿತ್ತು ಸತ್ತುಹೋಗಿತ್ತು. ಹಳೇಬೀಡಿನ ಆ ಸಂಜೆಯೇ ಸತ್ತುಹೋಗಿತ್ತು.

ಒಂದು ಸುತ್ತೂ ಬಿಚ್ಚಬಾರದು ಎಂದಿದ್ದೆ. ಬಿಚ್ಚಿರಲಿಲ್ಲ. ಹಳದಿ ಟೇಪಿನ ತುದಿಯನ್ನು ಅಣ್ಣ ಅಂಟಿಸಿದ ಹಾಗೇ ಬಿಟ್ಟಿದ್ದರು. ದನಿಯೂ ಬರಬೇಕು ಎಂದಿದ್ದೆ. ಅದಕ್ಕೆ ತಮ್ಮ ತುದಿಯ ಪಿಕಪ್ಪನ್ನೇ ಕಿತ್ತು, ಅಣ್ಣನ ಟೊಪ್ಪಿಗೆ ತೊಡಿಸಿ, ನನ್ನ ಗಿಟಾರಿಗೆ ಹಾಕಿದ್ದರು. ಹರೆಯದಿಂದ ಅವರ ಜೊತೆಗಿದ್ದದ್ದು, ಬಸ್ ಟಿಕೆಟ್ ತೂರಿಸಿ ತೂರಿಸಿ ಕೂರಿಸಿದ್ದು. ಆಮೇಲೆ ಇಷ್ಟು ವರ್ಷ ಕುತ್ತಿಗೆಯ ಗುಂಡು ದನಿಯೊಂದರಲ್ಲೇ ಜತೆ ಕೊಟ್ಟುಕೊಂಡು, ಕೈ ಓಡುವುದಿಲ್ಲ ಎಂದು ಹೇಳಿಕೊಂಡು, ನನ್ನ ಹಿಂದೆ ಕೂತಿದ್ದರು. ಇನ್ನೊಂದು ಪಿಕಪ್ ತರಿಸಿ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡಿದ್ದರೆ ಅಣ್ಣನದಕ್ಕೆ ಗಿಟಾರಿನಲ್ಲಿ ಜಾಗ ಇರುತ್ತಿರಲಿಲ್ಲ. ಡ್ರಾಯರಿನಲ್ಲಿ ಇಡಬೇಕಾಗುತ್ತಿತ್ತು. ತಂತಿಯ ಕೆಳಗೆ ಇರಬೇಕಾದ್ದನ್ನು ಅವರು ತಂತಿಯ ಕೆಳಗೇ ಇಟ್ಟಿದ್ದರು.

ನನಗೆ ಅಳು ಬಂತು. ಅತ್ತೆ. ಅಷ್ಟೇ ಸಿಟ್ಟೂ ಬಂತು, ಅದನ್ನೂ ಬರೆಯುತ್ತೇನೆ. ಒಂದು ಮಾತು ಹೇಳಬಹುದಿತ್ತು. ನಮ್ಮಮ್ಮ ಹೋದ ಮೇಲಾದರೂ ಹೇಳಬಹುದಿತ್ತು. ಜಗತ್ತಿನಲ್ಲಿ ಯಾರನ್ನೂ ನಂಬದ ಮನುಷ್ಯನಿಗೆ, ತಮ್ಮನ್ನು ಕಳ್ಳ ಎಂದುಕೊಂಡು ಒಬ್ಬ ತಿರುಗುವುದು ಒಳಗೊಳಗೇ ಹಿಡಿಸಿತ್ತೋ ಏನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

"ಕಳ್ದೋಗಿದ್ದು ಸಿಕ್ತೇನಪ್ಪ?" ಎಂದರು ಸಾವ್ಕಾರ್ರ ಹೆಂಡತಿ. ಅವರಿಗೆ ಎಷ್ಟು ಗೊತ್ತಿತ್ತು ಎಂದು ಮುಖದಲ್ಲಿ ಕಾಣಲಿಲ್ಲ. ಆ ಮನೆಯಲ್ಲಿ ಯಾರ ಮುಖದಲ್ಲೂ ಏನೂ ಕಾಣುವುದಿಲ್ಲ.

"ಸಿಕ್ತಮ್ಮ."

"ತಗೊಂಡೋಗು ಹಂಗಾದ್ರೆ."

"ಬೇಡ. ಅದು ಇಲ್ಲೇ ಇರಲಿ. ಅರಗು ಇದ್ರೆ ಸ್ವಲ್ಪ ಕೊಡಿ."

ಮಂಡಿಯ ಕಾಲದ ಅರಗಿನ ಕಡ್ಡಿ ಪೆಟ್ಟಿಗೆಯಲ್ಲಿತ್ತು. ದೇವರ ದೀಪದಲ್ಲಿ ಕರಗಿಸಿ ಕೊಟ್ಟವರು ಅವರೇ. ವೈರುಗಳನ್ನು ಇದ್ದ ಹಾಗೇ ಸುತ್ತಿ, ಅದೇ ದಾರದಿಂದ ಕಟ್ಟಿ, ಮುಚ್ಚಳ ಮುಚ್ಚಿ ಒಂದೊಂದು ಸ್ಕ್ರೂಗೂ ಬಿಟ್ಟೆ. ಹೊರಡುವಾಗ ಟವೆಲ್ಲನ್ನು ಮಾತ್ರ ಕೇಳಿ ಇಸಿದುಕೊಂಡೆ.

ನನ್ನ ಗಿಟಾರಿನ ಅರಗನ್ನು ಇನ್ನೂ ಒಡೆದಿಲ್ಲ. ಒಡೆಯುವುದೂ ಇಲ್ಲ. ಮೊನ್ನೆ ಬೇಲೂರಿನಲ್ಲಿ ನಾನೂ ಮೇಷ್ಟ್ರೂ ಇಬ್ಬರೇ ನುಡಿಸಿದೆವು. ಹಳೇ ಪರಿಚಯದವರೊಬ್ಬರು ಮುಗಿದ ಮೇಲೆ ಹತ್ತಿರ ಬಂದು, ಯಾವಾಗಲೂ ಹೇಳುವುದನ್ನೇ ಹೇಳಿದರು.

"ನಿಮ್ಮಣ್ಣನ ದನಿ ಅಂಗೇ ಐತೆ ಕಣೋ. ಅದೆಂಗೆ ಕಾಪಾಡ್ಕೊಂಡಿದ್ದೀಯ, ಒಳಗೆ ಏನೈತೆ, ತೋರ್ಸು."

ನಾನು ಹೆಗಲ ಮೇಲಿದ್ದ ಟವೆಲ್ ತೆಗೆದು ಗಿಟಾರಿನ ಮೇಲೆ ಹೊದಿಸಿದೆ.